ಬಾಲಿಯನ್ನು ಬೆಟ್ಟದಿಂದ ಕಡಲಿಗೆ ನೋಡುವ ಬಗೆ: ಬಯಲುಸೀಮೆಯವರಿಗೊಂದು ಕೈಪಿಡಿ

ದೇವನಹಳ್ಳಿಯ ವಿಮಾನ ನಿಲ್ದಾಣ ನಂದಿಬೆಟ್ಟದ ತಪ್ಪಲಿಗೆ ಹತ್ತಿರವಿರುವುದರಿಂದಲೂ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಸಿಗುತ್ತಿರುವುದರಿಂದಲೂ, ಈಚೆಗೆ ಚಿಕ್ಕಬಳ್ಳಾಪುರ ಮತ್ತು ಕೋಲಾರದ ಕಡೆಯ ನವದಂಪತಿಗಳ ಜೊತೆಗೆ ನಿವೃತ್ತ ಮೇಷ್ಟ್ರುಗಳೂ ಹೂವು, ತರಕಾರಿ ಬೆಳೆಯುವ ಕುಟುಂಬಗಳೂ ಆ ದ್ವೀಪಕ್ಕೆ ಹೋಗಿಬರುತ್ತಿದ್ದಾರೆ. ಬಂದವರ ಮೊಬೈಲಿನಲ್ಲಿ ಉಯ್ಯಾಲೆಯ ಚಿತ್ರವಿರುತ್ತದೆ, ಕಡಲತೀರದ ಸೂರ್ಯಾಸ್ತವಿರುತ್ತದೆ, ಸೀಳಿದಂತಿರುವ ದೇವಾಲಯದ ಹೆಬ್ಬಾಗಿಲಿರುತ್ತದೆ. ಆದರೆ ಒಂದೇ ದ್ವೀಪದಲ್ಲಿ ಒಂದು ತೀರ ಕಪ್ಪಾಗಿ ಇನ್ನೊಂದು ಬೆಳ್ಳಗಿರುವುದೇಕೆ, ದಕ್ಷಿಣದಲ್ಲಿ ಮೆಟ್ಟಿಲುಗದ್ದೆಗಳು ನಳನಳಿಸುತ್ತಿರುವಾಗ ಉತ್ತರದಲ್ಲಿ ನಮ್ಮೂರಿನಂತೆಯೇ ದ್ರಾಕ್ಷಿ ಚಪ್ಪರ ಕಾಣುವುದೇಕೆ ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ಈ ಬರಹ ಅಂಥ ಪ್ರಶ್ನೆಗಳನ್ನು ಇಟ್ಟುಕೊಂಡು ಹೋಗುವವರಿಗಾಗಿ. ಇದರ ಸೂತ್ರ ಸರಳವಾದದ್ದು: ಜ್ವಾಲಾಮುಖಿ ದ್ವೀಪದಲ್ಲಿ ಮಳೆ, ಮಣ್ಣು, ಹೊಳೆ, ಗದ್ದೆ, ರಸ್ತೆ, ಮರಳು ಎಲ್ಲವೂ ಬೆಟ್ಟದ ಸುತ್ತ ಹೊಂದಿಕೊಂಡಿರುತ್ತವೆ, ಆದ್ದರಿಂದ ಪ್ರವಾಸವನ್ನು ಕಡಲತೀರದಿಂದ ಆರಂಭಿಸದೆ ಬೆಟ್ಟದಿಂದ ಆರಂಭಿಸಿ, ನೀರಿನ ಜೊತೆಯಲ್ಲಿ ಕೆಳಗಿಳಿಯಬೇಕು.

ಗಾತ್ರದ ಅಂದಾಜು ಮೊದಲೇ ಇದ್ದರೆ ಒಳ್ಳೆಯದು. ಬಾಲಿಯ ವಿಸ್ತೀರ್ಣ ತುಮಕೂರು ಜಿಲ್ಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಪೂರ್ವ ಪಶ್ಚಿಮವಾಗಿ ಸುಮಾರು 150 ಕಿ.ಮೀ., ಉತ್ತರ ದಕ್ಷಿಣವಾಗಿ ಸುಮಾರು 110 ಕಿ.ಮೀ. ಇರುವ ಈ ನೆಲದ ಮೇಲೆ 3,031 ಮೀಟರ್ ಎತ್ತರದ ಆಗುಂಗ್, 2,276 ಮೀಟರಿನ ಬಾತುಕಾರು, 1,717 ಮೀಟರಿನ ಬಾತೂರ್ ಪರ್ವತಗಳು ನಿಂತಿವೆ. ದ್ವೀಪದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದ ತಳದಲ್ಲಿ, ಭೂಮಿಯ ಹೊರಚಿಪ್ಪಿನ ಬೃಹತ್ ತುಂಡುಗಳಲ್ಲೊಂದಾದ ಇಂಡೋ-ಆಸ್ಟ್ರೇಲಿಯನ್ ಫಲಕ ವರ್ಷಕ್ಕೆ ಆರೇಳು ಸೆಂಟಿಮೀಟರಿನಂತೆ ಉತ್ತರದ ಫಲಕದ ಅಡಿಗೆ ಜಾರುತ್ತಿದೆ. ಹೀಗೆ ಕೆಳಗಿಳಿದ ಫಲಕದಿಂದ ಬಿಡುಗಡೆಯಾಗುವ ನೀರು ಮೇಲಿನ ಬಿಸಿಬಂಡೆಯನ್ನು ಕರಗುವಂತೆ ಮಾಡುತ್ತದೆ, ಕರಗಿದ ಶಿಲಾಪಾಕ ಮೇಲೇರುತ್ತದೆ, ಸುಮಾತ್ರ, ಜಾವ, ಬಾಲಿ, ಲೊಂಬೋಕ್ ಎಂಬ ಜ್ವಾಲಾಮುಖಿಗಳ ಕಮಾನು ಹುಟ್ಟುತ್ತದೆ. ನಮ್ಮ ಅಂಡಮಾನಿನ ಬ್ಯಾರನ್ ದ್ವೀಪವೂ ಇದೇ ಕಮಾನಿನ ವಾಯವ್ಯದ ಮುಂದುವರಿಕೆಯಲ್ಲಿದೆ. ದೇಶದೊಳಗೇ ಜ್ವಾಲಾಮುಖಿ ಇರುವಾಗ ಅಷ್ಟು ದೂರ ಏಕೆ ಹೋಗಬೇಕೆಂದು ಕೇಳುವವರಿಗೆ ಹೇಳಬೇಕಾದ್ದು ಇಷ್ಟೇ: ಅದರ ಬಹುಭಾಗ ಬರಡು, ಜನವಸತಿಯೂ ಇಲ್ಲ.

ಊರಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಪ್ರವಾಸಕ್ಕೆ ಮುನ್ನ ನಮ್ಮ ಸುತ್ತಲಿನ ಎರಡು ಜಾಗಗಳನ್ನು ಈ ಉದ್ದೇಶದಿಂದಲೇ ನೋಡಿಬರುವುದು ಲೇಸು. ಮೊದಲನೆಯದು ನಂದಿಬೆಟ್ಟ. ನಂದಿ ಮತ್ತು ಅದರ ನೆರೆಯ ಬೆಟ್ಟಸಾಲುಗಳಿಂದ ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿಗಳು ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ಬಂಡಿಚಕ್ರದ ಅರಗಳಂತೆ ಒಂದು ಎತ್ತರದಿಂದ ಎಲ್ಲ ಕಡೆಗೂ ನೀರು ಹರಿಯುವ ಈ ವಿನ್ಯಾಸವನ್ನು ನಕ್ಷೆಯಲ್ಲಿ ಒಮ್ಮೆ ಗುರುತಿಸಿಕೊಂಡರೆ, ಬಾಲಿಯ ನಕ್ಷೆ ಅರ್ಧ ಅರ್ಥವಾದಂತೆ. ಆದರೆ ನಂದಿಯ ಬಂಡೆ ಜ್ವಾಲಾಮುಖಿಯದಲ್ಲ. ಭೂಮಿಯ ಆಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ, ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ನಿಧಾನವಾಗಿ ತಣಿದ ಕಾರಣಕ್ಕೇ ಅದರ ಹರಳುಗಳು ದಪ್ಪ. ಬಿಳಿಯ ಬೆಣಚು, ನಸುಗೆಂಪಿನ ಫೆಲ್ಸ್‌ಪಾರ್, ಕಪ್ಪು ಅಭ್ರಕಗಳನ್ನು ಬರಿಗಣ್ಣಿನಲ್ಲೇ ಬಿಡಿಸಿ ನೋಡಬಹುದು.

ಎರಡನೆಯದು ಕೆಜಿಎಫ್ ಬಳಿಯ ಪೆದ್ದಪಲ್ಲಿ. ಅಲ್ಲಿನ ಜ್ವಾಲಾಮುಖಿಜನ್ಯ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಚಿನ್ನದ ಗಣಿಯನ್ನು ಹೊತ್ತಿದ್ದ ಕೋಲಾರದ ಶಿಲಾಪಟ್ಟಿ ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾದಿಂದಾದದ್ದು. ಅದರಲ್ಲಿ ನೀರಿನಡಿಯಲ್ಲಿ ಉಕ್ಕಿ ದಿಂಬಿನಾಕಾರಕ್ಕೆ ತಿರುಗಿದ ಲಾವಾ ಕೂಡ ಇದೆ. ಬಾಲಿಯಲ್ಲಿ ಇನ್ನೂ ಹಬೆಯಾಡುತ್ತಿರುವ ಕ್ರಿಯೆಯ ಅತಿ ಪುರಾತನ ಅವಶೇಷ ನಮ್ಮ ಪಕ್ಕದ ತಾಲ್ಲೂಕಿನಲ್ಲೇ ಇದೆಯೆಂಬುದು ಇಲ್ಲಿನ ಬಹಳ ಮಂದಿಗೆ ತಿಳಿದಿಲ್ಲವೆಂಬುದೇ ನನಗೆ ಸೋಜಿಗ.

ಸಾಮಾನಿನ ಪಟ್ಟಿ ಚಿಕ್ಕದು. ಹತ್ತರಷ್ಟು ಹಿಗ್ಗಿಸುವ ಕೈಮಸೂರ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಟ್ಟ ಅಯಸ್ಕಾಂತ, ಎತ್ತರ ತೋರಿಸುವ ಒಂದು ಮೊಬೈಲ್ ಆ್ಯಪ್, ಹಿಡಿತವಿರುವ ಬೂಟು, ಬೆಳಗಿನ ಜಾವಕ್ಕೊಂದು ಸ್ವೆಟರ್, ದೇವಾಲಯಗಳಿಗೆ ಪಂಚೆ. ಬಾಡಿಗೆ ಸ್ಕೂಟರ್ ಓಡಿಸುವ ಆಸೆಯಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ವೀಸಾ ನಿಯಮ ಮತ್ತು ಪ್ರವಾಸಿ ಶುಲ್ಕಗಳು ಆಗಾಗ ಬದಲಾಗುವುದರಿಂದ ಅವುಗಳನ್ನು ಟಿಕೆಟ್ ಮಾಡಿಸುವ ದಿನವೇ ಅಧಿಕೃತ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಯಾವಾಗ ಹೋಗಬೇಕು, ಎಲ್ಲಿ ಇಳಿದುಕೊಳ್ಳಬೇಕು

ಬಾಲಿ ಸಮಭಾಜಕದಿಂದ ದಕ್ಷಿಣಕ್ಕೆ ಎಂಟು ಡಿಗ್ರಿಯಷ್ಟು ದೂರದಲ್ಲಿದೆ. ಅಲ್ಲಿ ನವೆಂಬರಿನಿಂದ ಮಾರ್ಚ್ ತನಕ ವಾಯವ್ಯದ ಮಾರುತ ಮಳೆ ಸುರಿಸುತ್ತದೆ, ಉಳಿದ ತಿಂಗಳುಗಳಲ್ಲಿ ಆಗ್ನೇಯದ ಒಣಗಾಳಿ ಬೀಸುತ್ತದೆ. ಭೂದೃಶ್ಯ ನೋಡುವುದಕ್ಕೆ ಏಪ್ರಿಲ್ ಕೊನೆ ಮತ್ತು ಮೇ ತಿಂಗಳು ಉತ್ತಮ. ಮಳೆ ನಿಂತಿರುತ್ತದೆ, ಹಸಿರು ಇನ್ನೂ ಮಾಸಿರುವುದಿಲ್ಲ, ಜುಲೈ, ಆಗಸ್ಟಿನ ಜನಜಂಗುಳಿಯೂ ಇರುವುದಿಲ್ಲ. ಮಾರ್ಚ್ ತಿಂಗಳಲ್ಲಿ ಹೋಗುವವರು ಶಕ ವರ್ಷದ ಹೊಸ ವರ್ಷವಾದ ನ್ಯೆಪಿಯ ದಿನಾಂಕವನ್ನು ಮರೆಯದೆ ನೋಡಬೇಕು. ಕೆಲವು ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವ ಆ ದಿನ ಇಡೀ ದ್ವೀಪ ಮೌನ ಆಚರಿಸುತ್ತದೆ. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಪ್ರವಾಸಿಗರೂ ಹೋಟೆಲಿನ ಆವರಣ ದಾಟುವಂತಿಲ್ಲ.

ವಸತಿಯ ವಿಷಯದಲ್ಲಿ ಹೆಚ್ಚಿನವರು ಎಲ್ಲ ದಿನಗಳಿಗೂ ಕುಟಾ ಅಥವಾ ಸೆಮಿನ್ಯಾಕಿನಲ್ಲಿ ಕೋಣೆ ಹಿಡಿದು, ದಿನವೂ ಗಂಟೆಗಟ್ಟಲೆ ಕಾರಿನಲ್ಲಿ ಬೆಟ್ಟಕ್ಕೆ ಹೋಗಿಬರುತ್ತಾರೆ. ದ್ವೀಪದ ರಸ್ತೆಗಳ ಸ್ವಭಾವ ಗೊತ್ತಿದ್ದರೆ ಹಾಗೆ ಮಾಡುವುದಿಲ್ಲ. ಬೆಟ್ಟದಿಂದ ಇಳಿಯುವ ಹೊಳೆಗಳು ದಕ್ಷಿಣದ ಇಳಿಜಾರನ್ನು ಸಮಾನಾಂತರವಾದ ಕಡಿದಾದ ಕಮರಿಗಳಾಗಿ ಕೊರೆದಿವೆ. ಊರುಗಳೂ ಹಳೆಯ ರಸ್ತೆಗಳೂ ಎರಡು ಕಮರಿಗಳ ನಡುವಿನ ದಿಣ್ಣೆಯ ಮೇಲೆ ಉದ್ದಕ್ಕೆ ಸಾಗುತ್ತವೆ. ಆದ್ದರಿಂದ ಬೆಟ್ಟದ ಕಡೆಗೋ ಕಡಲ ಕಡೆಗೋ ಹೋಗುವುದು ಸಲೀಸು. ಅಡ್ಡಕ್ಕೆ, ಅಂದರೆ ಪೂರ್ವ ಪಶ್ಚಿಮವಾಗಿ ಹೋಗುವುದು ತ್ರಾಸ, ಏಕೆಂದರೆ ಪ್ರತಿ ಕಮರಿಯಲ್ಲೂ ಇಳಿದು ಹತ್ತಬೇಕು. ನಕ್ಷೆಯಲ್ಲಿ ಹತ್ತು ಕಿ.ಮೀ. ಕಂಡರೆ ಅದು ಉದ್ದಕ್ಕೋ ಅಡ್ಡಕ್ಕೋ ಎಂದು ನೋಡಿ ಸಮಯ ಲೆಕ್ಕ ಹಾಕಿ. ಬಾಲಿಯ ಜನರೂ ದಾರಿ ಹೇಳುವಾಗ ಬೆಟ್ಟದ ಕಡೆ, ಕಡಲ ಕಡೆ ಎಂದೇ ಹೇಳುತ್ತಾರೆ. ಮನೆಯ ದೇವರಕೋಣೆ ಬೆಟ್ಟದ ಕಡೆಗಿರುತ್ತದೆ, ಊರಿನ ಸ್ಮಶಾನ ಕಡಲ ಕಡೆಗಿರುತ್ತದೆ. ಮೊದಲೆರಡು ರಾತ್ರಿ ಕಿಂತಾಮಣಿಯಲ್ಲಿ, ಆಮೇಲೆ ಉಬುದ್‌ನಲ್ಲಿ, ಒಂದು ರಾತ್ರಿ ಮುಂಡುಕ್‌ನಲ್ಲಿ, ಒಂದು ರಾತ್ರಿ ಪೂರ್ವದ ಆಮೆಡ್‌ನಲ್ಲಿ ಉಳಿಯುವುದು ನನ್ನ ಸಲಹೆ. ಕುಟಾಕ್ಕೆ ಒಂದು ಸಂಜೆ ಸಾಕು.

ಮೊದಲ ಬೆಳಗು ಬಾತೂರಿನ ಅಂಚಿನಲ್ಲಿ

ಹೆಸರು ಕೇಳಿದೊಡನೆ ನಮ್ಮ ಚಿಂತಾಮಣಿ ನೆನಪಾಗುವ ಕಿಂತಾಮಣಿ ಇರುವುದು ಹೆಚ್ಚುಕಡಿಮೆ ನಂದಿಬೆಟ್ಟದ ನೆತ್ತಿಯ ಎತ್ತರದಲ್ಲಿ. ಅದರ ಪೆನೆಲೋಕಾನ್ ಎಂಬ ಕಡೆಯಲ್ಲಿ ಬೆಳಿಗ್ಗೆ ಆರಕ್ಕೆ ನಿಂತು ನೋಡಿದರೆ, ಕಾಲಡಿಯಲ್ಲಿ ಸುಮಾರು 10 ಕಿ.ಮೀ. ಅಗಲ, 13 ಕಿ.ಮೀ. ಉದ್ದದ ಒಂದು ಮಹಾಕುಳಿ, ಅದರೊಳಗೆ ಅರ್ಧಚಂದ್ರಾಕಾರದ ಸರೋವರ, ನಡುವೆ ಬಾತೂರ್ ಶಂಕು ಕಾಣುತ್ತವೆ. ಇಲ್ಲಿ ನೋಡುಗರು ಸಾಮಾನ್ಯವಾಗಿ ನಡುವಿನ ಶಂಕುವನ್ನೇ ಜ್ವಾಲಾಮುಖಿ ಎಂದುಕೊಳ್ಳುತ್ತಾರೆ. ವಾಸ್ತವದಲ್ಲಿ ನೀವು ನಿಂತಿರುವ ಅಂಚೂ, ಎದುರಿನ ದಿಗಂತದ ಗೋಡೆಯೂ ಸೇರಿದಂತೆ ಇಡೀ ದೃಶ್ಯವೇ ಜ್ವಾಲಾಮುಖಿ. ಸುಮಾರು 29,000 ವರ್ಷಗಳ ಹಿಂದೊಮ್ಮೆ, ಸುಮಾರು 20,000 ವರ್ಷಗಳ ಹಿಂದೆ ಮತ್ತೊಮ್ಮೆ ನಡೆದ ಮಹಾಸ್ಫೋಟಗಳಲ್ಲಿ ಒಳಗಿನ ಶಿಲಾಪಾಕ ಬರಿದಾಗಿ, ಮೇಲಿನ ಬೆಟ್ಟ ಆಸರೆಯಿಲ್ಲದೆ ಕುಸಿದಿದ್ದರಿಂದ ಈ ಕುಳಿಯಾಯಿತು. ಭೂವಿಜ್ಞಾನಿಗಳು ಇದನ್ನು ಕ್ಯಾಲ್ಡೆರಾ ಎನ್ನುತ್ತಾರೆ. ನಡುವಿನ ಶಂಕು ಆಮೇಲೆ ಬೆಳೆದದ್ದು. ಅಂಚಿನ ಗೋಡೆಯಲ್ಲಿ ಒಳಕ್ಕೂ ಹೊರಕ್ಕೂ ಇಳಿಜಾರು ಹೇಗೆ ಬೇರೆಯಾಗಿದೆಯೆಂದು ಗಮನಿಸಿ: ಒಳಗೆ ಕಡಿದಾದ ಪ್ರಪಾತ, ಹೊರಗೆ ಕಡಲ ತನಕ ಹರಡಿದ ನಯವಾದ ಇಳಿಜಾರು. ಹೊರಗಿನ ಇಳಿಜಾರುಗಳನ್ನು ಮನಸ್ಸಿನಲ್ಲೇ ಮೇಲಕ್ಕೆ ಮುಂದುವರಿಸಿದರೆ, ಕುಸಿದುಹೋದ ಬೆಟ್ಟ ಎಷ್ಟು ಎತ್ತರವಿದ್ದೀತೆಂಬ ಅಂದಾಜು ಸಿಗುತ್ತದೆ.

ಶಂಕುವಿನ ಪಶ್ಚಿಮದ ಬುಡದಲ್ಲಿ ಕಪ್ಪು ಬಟ್ಟೆ ಹಾಸಿದಂತೆ ಕಾಣುವುದು 1963, 1968 ಮತ್ತು 1974ರ ಲಾವಾ. ಅಲ್ಲಿಗೆ ಇಳಿದು ಹೋಗಲೇಬೇಕು. ಜ್ವಾಲಾಮುಖಿಯ ಮಣ್ಣು ಫಲವತ್ತು ಎಂಬ ಮಾತನ್ನು ನಾವು ಶಾಲೆಯಿಂದಲೂ ಕೇಳಿದ್ದೇವೆ, ಆದರೆ ಅರ್ಧ ಶತಮಾನ ಕಳೆದರೂ ಈ ಲಾವಾದ ಮೇಲೆ ಕಲ್ಲುಹೂವು, ಜರಿಗಿಡ, ಅಲ್ಲಲ್ಲಿ ಕುರುಚಲು ಬಿಟ್ಟರೆ ಹೆಚ್ಚೇನೂ ಬಂದಿಲ್ಲ. ಫಲವತ್ತತೆ ಬರುವುದು ಗಟ್ಟಿ ಲಾವಾದಿಂದ ಬೇಗನೆ ಅಲ್ಲ, ಬೂದಿಯಿಂದ. ಗಾಜಿನಂಥ ಸಣ್ಣ ಕಣಗಳಾದ ಬೂದಿ ಮಳೆನೀರಿಗೆ ಬೇಗ ಶಿಥಿಲವಾಗಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಟ್ಟುಕೊಡುತ್ತದೆ, ಜೊತೆಗೆ ಸೊಪ್ಪುಸದೆಯ ಕೊಳೆತವನ್ನು ಹಿಡಿದಿಟ್ಟುಕೊಂಡು ಹಗುರವಾದ, ನೀರು ಹೀರುವ ಕಪ್ಪು ಮಣ್ಣಾಗುತ್ತದೆ. ನಮ್ಮ ಕೆಂಪು ಮಣ್ಣು ಕೋಟ್ಯಂತರ ವರ್ಷ ಮಳೆಯಲ್ಲಿ ತೊಳೆದು ಬಸವಳಿದ ಮಣ್ಣು. ಕೊಟ್ಟಿಗೆ ಗೊಬ್ಬರವಿಲ್ಲದೆ ಅದು ಏನನ್ನೂ ಕೊಡದು. ಲಾವಾದ ಒಂದು ತುಂಡನ್ನು ಕೈಗೆತ್ತಿಕೊಂಡು ಮಸೂರದಲ್ಲಿ ನೋಡಿ. ಅನಿಲ ಹೊರಬಿದ್ದ ಜಾಗದಲ್ಲಿ ಸೂಜಿಮೊನೆಯಿಂದ ಕಡಲೆಕಾಳಿನ ತನಕ ಗಾತ್ರದ ರಂಧ್ರಗಳು, ಬೂದುಗಪ್ಪಿನ ಹಿನ್ನೆಲೆಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಹರಳುಗಳು ಕಾಣುತ್ತವೆ. ಆ ಬಿಳಿ ಹರಳುಗಳು ನೆಲದಡಿಯಲ್ಲೇ ಬೆಳೆಯತೊಡಗಿದ್ದವು. ಸುತ್ತಲಿನ ಕಪ್ಪು ದ್ರವ್ಯ ಮೇಲೆ ಬಂದು ಥಟ್ಟನೆ ತಣಿದದ್ದರಿಂದ ಅದರಲ್ಲಿ ಹರಳು ದಪ್ಪವಾಗಲು ಸಮಯವೇ ಸಿಗಲಿಲ್ಲ. ನಂದಿಯ ಕಲ್ಲಿಗೂ ಇದಕ್ಕೂ ಇರುವ ಅಂತರ ಅಲ್ಲಿ ಅಂಗೈಯಲ್ಲೇ ತಿಳಿಯುತ್ತದೆ.

ಬಾತೂರಿನ ಸೂರ್ಯೋದಯ ಚಾರಣ ಈಗ ಸ್ಕಂದಗಿರಿಯ ವಾರಾಂತ್ಯದಷ್ಟೇ ಜನಪ್ರಿಯ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸ್ಥಳೀಯ ಮಾರ್ಗದರ್ಶಕರೊಂದಿಗೆ ಹೊರಟು ಎರಡು ಗಂಟೆಯಲ್ಲಿ ನೆತ್ತಿ ತಲುಪಬಹುದು. ಸಡಿಲ ಕಲ್ಲುಗಳು ಜಾರುವುದರಿಂದ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮೇಲೆ ಬಂಡೆಯ ಬಿರುಕುಗಳಿಂದ ಹಬೆ ಬರುವುದನ್ನು ಕೈಯೊಡ್ಡಿ ನೋಡಬಹುದು. ಹತ್ತಲಾಗದವರು ನಿರಾಶರಾಗಬೇಕಿಲ್ಲ, ಭೂಗೋಳದ ದೃಷ್ಟಿಯಿಂದ ಅಂಚಿನ ಮೇಲಿನ ನೋಟವೇ ಹೆಚ್ಚು ಹೇಳುತ್ತದೆ. ಹತ್ತು ಗಂಟೆಯ ಮೇಲೆ ಮೋಡ ಕವಿಯುವುದು ಸಾಮಾನ್ಯವಾದ್ದರಿಂದ ಬೆಟ್ಟ ನೋಡುವ ಕೆಲಸವನ್ನೆಲ್ಲ ಬೆಳಗಿಗೇ ಇಟ್ಟುಕೊಳ್ಳಬೇಕು.

ನೀರಿನ ಜೊತೆ ಕೆಳಗಿಳಿಯುವುದು

ಬಾತೂರ್ ಸರೋವರಕ್ಕೆ ಕೋಡಿಯಿಲ್ಲ, ಅದರಿಂದ ಯಾವ ಹೊಳೆಯೂ ಹೊರಡುವುದಿಲ್ಲ. ಸುತ್ತಲೂ ಗೋಡೆಯಿರುವ ಕುಳಿಯಲ್ಲಿ ಬಿದ್ದ ಮಳೆ ಸೀಳುಬಿರುಕುಗಳಿರುವ ಕಲ್ಲು ಮತ್ತು ಬೂದಿಯ ಪದರಗಳಲ್ಲಿ ಇಂಗುತ್ತದೆ. ಜ್ವಾಲಾಮುಖಿಗಳ ಮೇಲ್ಭಾಗದಲ್ಲಿ ಎಷ್ಟು ಮಳೆ ಬಿದ್ದರೂ ತೊರೆಗಳು ಕಾಣುವುದು ಅಪರೂಪ. ಇಂಗಿದ ನೀರು ಕೆಳಗೆ, ನೀರು ಬಿಡದ ಪದರ ಸಿಕ್ಕಿದಲ್ಲಿ ಒರತೆಯಾಗಿ ಚಿಮ್ಮುತ್ತದೆ. ಆ ಒರತೆಗಳನ್ನು ನೋಡಲು ಕಿಂತಾಮಣಿಯಿಂದ ದಕ್ಷಿಣಕ್ಕೆ ಪಕೆರಿಸಾನ್ ಹೊಳೆಯ ಜಾಡು ಹಿಡಿದು ತಂಪಕ್‌ಸಿರಿಂಗ್‌ಗೆ ಇಳಿಯಿರಿ. ಅಲ್ಲಿನ ತೀರ್ಥ ಎಂಪುಲ್ ಹತ್ತನೆಯ ಶತಮಾನದಿಂದಲೂ ಪೂಜೆಗೊಳ್ಳುತ್ತಿರುವ ಒರತೆ. ಜನರು ದಾರೆಗಳಡಿ ಮೀಯುವ ಕೊಳದ ಮುಂದೆ ಉದ್ದನೆಯ ಸರದಿಯಿರುತ್ತದೆ. ಅದಕ್ಕಿಂತ ಹಿಂದಿನ ಅಂಗಳದ ಕೊಳದ ಬಳಿ ಹತ್ತು ನಿಮಿಷ ನಿಲ್ಲಿ. ತಿಳಿನೀರಿನ ತಳದಲ್ಲಿ ಕಪ್ಪುಬೂದು ಮರಳು ಅಲ್ಲಲ್ಲಿ ಉಬ್ಬಿ, ಕುದಿಯುವಂತೆ ಹೊರಳಿ, ಮತ್ತೆ ಕೂರುತ್ತಿರುತ್ತದೆ. ನೆಲದಡಿಯಿಂದ ನೀರು ಒತ್ತುವ ಬಗೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ವಿರಳ. ಕೋಲಾರದ ಅಂತರಗಂಗೆಯ ಬಸವನ ಬಾಯಿಯಿಂದ ನೀರು ಬೀಳುವುದನ್ನು ನೋಡಿ ಬೆಳೆದವರಿಗೆ ಇಲ್ಲಿನ ಭಕ್ತಿ ಪರಿಚಿತವೇ, ಪ್ರಮಾಣ ಮಾತ್ರ ಬೇರೆ: ನಮ್ಮಲ್ಲಿ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಒಸರುವಷ್ಟೇ ನೀರು, ಇಲ್ಲಿ ಇಡೀ ಬೆಟ್ಟವೇ ಹೀರಿಕೊಂಡು ಬಿಡುವ ನೀರು.

ಅಲ್ಲಿಂದ ಸ್ವಲ್ಪ ಕೆಳಗೆ ಗುನುಂಗ್ ಕಾವಿ ಇದೆ. ಕಣಿವೆಯ ಎರಡೂ ಬದಿಯ ಬಂಡೆಗೋಡೆಯಲ್ಲಿ ಏಳು ಮೀಟರಿನಷ್ಟು ಎತ್ತರದ ಹತ್ತು ಗುಡಿಮುಖಗಳನ್ನು ಹನ್ನೊಂದನೆಯ ಶತಮಾನದಲ್ಲಿ ಕಡೆಯಲಾಗಿದೆ. ಅಷ್ಟು ದೊಡ್ಡದನ್ನು ಕಡೆಯಲು ಸಾಧ್ಯವಾದದ್ದು ಆ ಕಲ್ಲಿನ ಮೃದುತ್ವದಿಂದ. ಬಾತೂರಿನ ಮಹಾಸ್ಫೋಟಗಳಲ್ಲಿ ಕಾದ ಬೂದಿ, ಪ್ಯೂಮಿಸ್ ಎಂಬ ರಂಧ್ರಭರಿತ ಹಗುರ ಕಲ್ಲುಗಳ ಪ್ರವಾಹ ದಕ್ಷಿಣಕ್ಕೆ ನುಗ್ಗಿ ಹಾಸಿದ ದಪ್ಪ ಪದರವೇ ಈ ಕಲ್ಲು. ಉಬುದ್ ಸುತ್ತಲಿನ ಹೊಳೆಗಳು ಅಷ್ಟು ಆಳಕ್ಕೆ, ಅಷ್ಟು ನೆಟ್ಟಗೆ ಕೊರೆದಿರುವುದೂ ಇದೇ ಪದರವನ್ನು. ಮೆಟ್ಟಿಲು ಇಳಿಯುವಾಗ ಪಕ್ಕದ ಗೋಡೆಯನ್ನು ನೋಡುತ್ತಾ ಇಳಿಯಿರಿ, ಬೂದು ಹಿನ್ನೆಲೆಯಲ್ಲಿ ಸಿಕ್ಕಿಕೊಂಡ ಹಗುರ ಕಲ್ಲಿನ ಚೂರುಗಳು ಕಾಣುತ್ತವೆ. ಬಾಲಿಯ ಮನೆ, ಗುಡಿಗಳಲ್ಲಿ ಕೆತ್ತನೆಗೆ ಬಳಸುವ ಪರಾಸ್ ಕಲ್ಲೂ ಗಟ್ಟಿಯಾದ ಜ್ವಾಲಾಮುಖಿ ಬೂದಿಯೇ. ಅದು ಬೇಗ ಸವೆಯುತ್ತದೆ, ಬೇಗ ಪಾಚಿ ಹಿಡಿಯುತ್ತದೆ. ಆದ್ದರಿಂದ ಗುಡಿ ಹಳೆಯದೆಂದು ಕಂಡಮಾತ್ರಕ್ಕೆ ಹಳೆಯದೇ ಆಗಿರಬೇಕಿಲ್ಲ. ನಂದಿಯ ಭೋಗನಂದೀಶ್ವರ ದೇವಾಲಯದ ಗಟ್ಟಿ ಕಲ್ಲಿನ ಲೆಕ್ಕದಲ್ಲಿ ಅಲ್ಲಿನ ವಯಸ್ಸನ್ನು ಅಳೆಯಬಾರದು.

ಗದ್ದೆಯಲ್ಲಿ ನೋಡಬೇಕಾದ್ದು

ಹೊಳೆ ನೂರಾರು ಅಡಿ ಆಳದಲ್ಲಿ ಹರಿಯುತ್ತದೆ, ಗದ್ದೆ ದಿಣ್ಣೆಯ ಮೇಲಿರುತ್ತದೆ. ಹಾಗಾದರೆ ನೀರು ಮೇಲಕ್ಕೆ ಬಂದದ್ದು ಹೇಗೆ? ಬಾಲಿಯ ಗದ್ದೆಗಳ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಮೇಲ್ಗಡೆ ಹೊಳೆಗೆ ಅಡ್ಡಲಾಗಿ ಪುಟ್ಟ ಒಡ್ಡು ಕಟ್ಟಿ, ಮೆದುವಾದ ಬೂದಿಕಲ್ಲಿನಲ್ಲಿ ಸುರಂಗ ಕೊರೆದು, ಹೊಳೆಗಿಂತ ಕಡಿಮೆ ಇಳಿಜಾರಿನಲ್ಲಿ ಕಾಲುವೆ ಸಾಗಿಸಿದರೆ ಕೆಲವು ಕಿ.ಮೀ. ಕೆಳಗೆ ಕಾಲುವೆ ದಿಣ್ಣೆಯ ಮೇಲಿರುತ್ತದೆ, ಹೊಳೆ ಕಮರಿಯಲ್ಲಿರುತ್ತದೆ. ಈ ನೀರನ್ನು ಹಂಚಿಕೊಳ್ಳುವ ರೈತರ ಕೂಟವೇ ಸುಬಾಕ್. ಇಂಥ ಸುಮಾರು 1,200 ಕೂಟಗಳು ದ್ವೀಪದಲ್ಲಿವೆ. ಒಂದೊಂದರಲ್ಲಿ 50ರಿಂದ 400 ರೈತರಿರುತ್ತಾರೆ. 2012ರಲ್ಲಿ ಯುನೆಸ್ಕೋ ಸುಮಾರು 19,500 ಹೆಕ್ಟೇರ್ ಗದ್ದೆ, ಜಲದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಕೆರೆ ಅಚ್ಚುಕಟ್ಟಿನ ಪರಿಚಯವಿರುವವರು ಇದನ್ನು ನೋಡುವ ಕಣ್ಣು ಬೇರೆಯೇ ಇರುತ್ತದೆ, ಇರಬೇಕು ಕೂಡ. ಬಾತುಕಾರು ಪರ್ವತದ ದಕ್ಷಿಣದ ಇಳಿಜಾರಿನಲ್ಲಿ, ಸುಮಾರು 700 ಮೀಟರ್ ಎತ್ತರದಲ್ಲಿರುವ ಜತಿಲುವಿಹ್‌ಗೆ ಹೋಗಿ, ಫೋಟೊ ತೆಗೆಯುವ ಕಟ್ಟೆಯನ್ನು ದಾಟಿ, ಕಾಲುವೆಯ ಬದುವಿನ ಮೇಲೆ ಒಂದಷ್ಟು ದೂರ ನಡೆಯಿರಿ. ಕಾಲುವೆ ಕವಲಾಗುವಲ್ಲಿ ಅಡ್ಡ ಮಲಗಿಸಿದ ಮರದ ದಿಮ್ಮಿಯೊಂದೋ ಕಾಂಕ್ರೀಟಿನ ಪಟ್ಟಿಯೊಂದೋ ಇರುತ್ತದೆ, ಅದರಲ್ಲಿ ಕಚ್ಚುಗಳಿರುತ್ತವೆ. ಎರಡು ಕಚ್ಚುಗಳ ತಳ ಒಂದೇ ಮಟ್ಟದಲ್ಲಿರುತ್ತದೆ, ಅಗಲ ಮಾತ್ರ ಬೇರೆ ಬೇರೆ. ಕೆಳಗಿನ ಪಾಲುದಾರರ ಗದ್ದೆ ಎಷ್ಟೋ ಅಗಲ ಅಷ್ಟು. ಹೊಳೆಯಲ್ಲಿ ನೀರು ಹೆಚ್ಚಲಿ, ಕಡಿಮೆಯಾಗಲಿ, ಪಾಲಿನ ಪ್ರಮಾಣ ಕೆಡುವುದಿಲ್ಲ, ಗೇಣು ಹಿಡಿದು ಯಾರು ಬೇಕಾದರೂ ಅಳೆದು ನೋಡಬಹುದು. ನಮ್ಮಲ್ಲಿ ತೂಬು ಎತ್ತಿ ಇಳಿಸುವ ನೀರಗಂಟಿಯ ನ್ಯಾಯಬುದ್ಧಿಗೆ ಬಿಟ್ಟಿದ್ದನ್ನು ಅಲ್ಲಿ ಮರದ ಕಚ್ಚಿಗೆ ಒಪ್ಪಿಸಿದ್ದಾರೆ. ನಮ್ಮ ಊರುಗಳಲ್ಲಿ ನೀರಗಂಟಿಯ ಕೆಲಸವೇ ಕಣ್ಮರೆಯಾಗಿ ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ಕಾಲದಲ್ಲಿ, ಆ ದಿಮ್ಮಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕೆನಿಸಿದರೆ ತಪ್ಪಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಒಂದು ಇಳಿಜಾರಿನ ಗದ್ದೆಗಳೆಲ್ಲ ಬೆಳೆಯ ಒಂದೇ ಹಂತದಲ್ಲಿದ್ದು, ಪಕ್ಕದ ದಿಣ್ಣೆಯಲ್ಲಿ ಬೇರೆ ಹಂತವಿರುತ್ತದೆ. ನೀರಿನ ಸರದಿಯನ್ನು ಜಲದೇವಾಲಯಗಳ ಪೂಜಾಕಾಲದೊಂದಿಗೆ ಹೊಂದಿಸಿ ನಿರ್ಧರಿಸುತ್ತಾರೆ. ಸುತ್ತಲಿನ ಗದ್ದೆಗಳೆಲ್ಲ ಒಮ್ಮೆಗೇ ಬೀಳು ಬಿದ್ದರೆ ಕೀಟಗಳಿಗೆ ಆಹಾರವಿಲ್ಲದೆ ಅವುಗಳ ಸಂತತಿ ಕುಗ್ಗುತ್ತದೆ, ಆದರೆ ಎಲ್ಲರೂ ಒಮ್ಮೆಗೇ ನಾಟಿ ಮಾಡಿದರೆ ನೀರು ಸಾಲದು. ಈ ಎರಡರ ನಡುವಿನ ಹದವನ್ನು ಆ ವ್ಯವಸ್ಥೆ ಕಂಡುಕೊಂಡಿದೆಯೆಂದು ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ತೋರಿಸಿಕೊಟ್ಟರು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಬಿಡುವಿಲ್ಲದೆ ಬೆಳೆಯಿರೆಂದು ಸರ್ಕಾರ ಒತ್ತಾಯಿಸಿದಾಗ ನೀರಿನ ಕೊರತೆಯೂ ಜಿಗಿಹುಳುವಿನ ಕಾಟವೂ ಒಟ್ಟಿಗೇ ಬಂದವು. ಗದ್ದೆಯ ಬದು ಮಣ್ಣಿನದು, ಕಿರಿದು. ನಡೆಯುವಾಗ ಅಂಚು ಕುಸಿಯದಂತೆ, ನೀರು ಒಳಬರುವ ಮೂಲೆಯಲ್ಲಿ ಭತ್ತದ ದೇವತೆ ಶ್ರೀದೇವಿಗೆ ಇಟ್ಟ ನೈವೇದ್ಯ ತುಳಿಯದಂತೆ ಎಚ್ಚರವಹಿಸಿ.

ಮೋಡದ ಆಚೆ ಬದಿ

ಜತಿಲುವಿಹ್‌ನಿಂದ ಬೆದುಗುಲ್‌ಗೆ ಏರಿ, ಅಲ್ಲಿಂದ ಉತ್ತರಕ್ಕೆ ಇಳಿಯುವ ದಾರಿಯಲ್ಲಿ ಎತ್ತರದೊಂದಿಗೆ ಬೆಳೆ ಬದಲಾಗುವುದನ್ನು ಮೊಬೈಲಿನ ಎತ್ತರದ ಅಂಕಿಯೊಂದಿಗೆ ಹೋಲಿಸುತ್ತಾ ಹೋಗಿ. ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಆರು ಡಿಗ್ರಿಯಷ್ಟು ಇಳಿಯುತ್ತದೆ. ತೆಂಗು ಹಿಂದೆ ಉಳಿಯುತ್ತದೆ, ಸುಮಾರು 1,200 ಮೀಟರಿನ ಬೆದುಗುಲ್‌ನಲ್ಲಿ ಎಲೆಕೋಸು, ಕ್ಯಾರೆಟ್, ಸ್ಟ್ರಾಬೆರಿಯ ತೋಟಗಳು ಬರುತ್ತವೆ, ಆಚೆ ಇಳಿಯುವಾಗ ಮುಂಡುಕ್‌ನಲ್ಲಿ ಕಾಫಿ, ಲವಂಗ. ಬ್ರತಾನ್, ಬುಯಾನ್, ತಂಬ್ಲಿಂಗನ್ ಎಂಬ ಮೂರು ಸರೋವರಗಳೂ ಒಂದೇ ಹಳೆಯ ಕ್ಯಾಲ್ಡೆರಾದೊಳಗಿವೆ; ಬುಯಾನ್ ಮತ್ತು ತಂಬ್ಲಿಂಗನ್ ಎರಡೂ ಕಾಣುವ ಅಂಚಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ ಬಾತೂರಿನಲ್ಲಿ ಕಲಿತದ್ದನ್ನು ಇಲ್ಲಿ ಪರೀಕ್ಷಿಸಬಹುದು. ಕಾಡು ಮುಚ್ಚಿರುವುದರಿಂದ ಗೋಡೆ ಗುರುತಿಸುವುದು ಇಲ್ಲಿ ಕಷ್ಟ.

ಉತ್ತರದ ಕಡಲಂಚಿಗೆ ಇಳಿದೊಡನೆ ದೃಶ್ಯ ಥಟ್ಟನೆ ಬದಲಾಗುತ್ತದೆ. ಎತ್ತರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟುವ ಮಳೆ ಈ ಕಡಲಂಚಿಗೆ ಬರುವಷ್ಟರಲ್ಲಿ ಬಹಳ ಕಡಿಮೆಯಾಗಿರುತ್ತದೆ; ಬೆಟ್ಟಸಾಲು ಕಡಲಿಗೆ ಹತ್ತಿರವಿರುವುದರಿಂದ ಬಯಲೂ ಕಿರಿದು. ಸಿಂಗರಾಜ ಪಟ್ಟಣದ ಪಶ್ಚಿಮಕ್ಕೆ ದ್ರಾಕ್ಷಿ ಚಪ್ಪರಗಳು ಕಾಣಸಿಗುವುದು ಈ ಒಣ ಹವೆಯಿಂದಲೇ. ಚಿಕ್ಕಬಳ್ಳಾಪುರದ ರೈತರು ಇಲ್ಲಿ ಇಳಿದು ಕಂಬ, ತಂತಿ, ಸವರುವಿಕೆಯ ಬಗ್ಗೆ ಮಾತನಾಡಿಸಿದರೆ ಭಾಷೆ ಬಾರದಿದ್ದರೂ ಅರ್ಧ ಗಂಟೆ ಕಳೆಯುವುದು ಗೊತ್ತಾಗುವುದಿಲ್ಲ.

ಪೂರ್ವದಲ್ಲಿ ಆಗುಂಗ್

ಆಗುಂಗ್ ನೋಡುವ ದಿನ ಮುಂಜಾನೆಯೇ ಹೊರಟು, ಕ್ಲುಂಗ್‌ಕುಂಗ್ ದಾಟುವಾಗ ಉಂಡಾ ಹೊಳೆಯ ಸೇತುವೆಯ ಮೇಲಿಂದ ಪಾತ್ರದ ಅಗಲವನ್ನು ನೋಡಿಕೊಳ್ಳಿ. ಸ್ಫೋಟದ ನಂತರ ಇಳಿಜಾರಿನಲ್ಲಿ ಸಡಿಲವಾಗಿ ಬಿದ್ದ ಬೂದಿ, ಕಲ್ಲು ಮಳೆಗಾಲದಲ್ಲಿ ಕೆಸರಿನ ಪ್ರವಾಹವಾಗಿ ಇಂಥ ಹೊಳೆಗಳಲ್ಲೇ ಇಳಿಯುತ್ತವೆ. 1963ರ ಸ್ಫೋಟದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಆಗ ಪರ್ವತದ ಮಗ್ಗುಲಿನ ಬೆಸಾಕಿಹ್ ಮಹಾದೇವಾಲಯದಲ್ಲಿ ನೂರು ವರ್ಷಕ್ಕೊಮ್ಮೆ ನಡೆಯುವ ಏಕಾದಶರುದ್ರ ಉತ್ಸವ ನಡೆಯುತ್ತಿತ್ತು. ಲಾವಾ ದೇವಾಲಯಕ್ಕೆ ತಾಗದೆ ಸರಿದುಹೋಯಿತು, ನಿಂತ ಉತ್ಸವ ಪೂರ್ತಿಯಾದದ್ದು 1979ರಲ್ಲಿ. ಕರಂಗಾಸೆಮ್ ರಾಜ 1940ರ ದಶಕದಲ್ಲಿ ಕಟ್ಟಿಸಿದ್ದ ತೀರ್ಥಗಂಗಾ ಜಲೋದ್ಯಾನವೂ ಆ ವರ್ಷ ಹಾಳಾಯಿತು; ಈಗಿರುವುದು ಜೀರ್ಣೋದ್ಧಾರಗೊಂಡ ರೂಪ. ತುಲಂಬೆನ್ ತೀರದಲ್ಲಿ ಇದರ ವಿಚಿತ್ರ ಸಾಕ್ಷಿಯೊಂದಿದೆ: 1942ರಲ್ಲಿ ಜಪಾನಿ ಜಲಾಂತರ್ಗಾಮಿಯ ದಾಳಿಗೆ ಸಿಕ್ಕು ದಡಕ್ಕೆ ತರಲಾಗಿದ್ದ ಅಮೆರಿಕದ ಲಿಬರ್ಟಿ ಸರಕುಹಡಗು ಎರಡು ದಶಕ ದಡದಲ್ಲೇ ಇದ್ದು, 1963ರ ಸ್ಫೋಟದ ಸಮಯದಲ್ಲಿ ಕಡಲೊಳಗೆ ಜಾರಿತು. ಇಂದು ಅದರ ಮೇಲೆ ಹವಳ ಬೆಳೆದಿದೆ, ಈಜುಗನ್ನಡಕ ಹಾಕಿಕೊಂಡು ಮೇಲಿನಿಂದಲೇ ಅದರ ಭಾಗಗಳನ್ನು ನೋಡಬಹುದು.

ಆಗುಂಗ್ ಹತ್ತುವುದು ಬಾತೂರಿನಂತಲ್ಲ. ಮಧ್ಯರಾತ್ರಿಯ ಸುಮಾರಿಗೆ ಹೊರಡುವ ಕಡಿದಾದ ಚಾರಣ, ಮೇಲೆ ಕೊರೆಯುವ ಚಳಿ. ಉತ್ಸವದ ದಿನಗಳಲ್ಲಿ ಹತ್ತಲು ಬಿಡುವುದಿಲ್ಲ. ಅಭ್ಯಾಸವಿಲ್ಲದವರಿಗೆ ಬೇಡವೆಂದೇ ಹೇಳುತ್ತೇನೆ. ಹೊರಡುವ ಮುನ್ನ ಇಂಡೊನೇಷ್ಯಾದ ಜ್ವಾಲಾಮುಖಿ ನಿಗಾ ಸಂಸ್ಥೆ ಪ್ರಕಟಿಸುವ ಎಚ್ಚರಿಕೆಯ ಮಟ್ಟವನ್ನು ನೋಡಬೇಕು. ಅದರಲ್ಲಿ ನಾಲ್ಕು ಮಟ್ಟಗಳಿವೆ, ಒಂದನೆಯದು ಸಾಮಾನ್ಯ ಸ್ಥಿತಿ, ನಾಲ್ಕನೆಯದು ಗರಿಷ್ಠ ಅಪಾಯ. 2017ರ ನವೆಂಬರಿನಲ್ಲಿ ಆಗುಂಗ್ ಬೂದಿ ಉಗುಳಿದಾಗ ವಿಮಾನ ನಿಲ್ದಾಣ ಮುಚ್ಚಿ ಸಾವಿರಾರು ಪ್ರವಾಸಿಗರು ಸಿಕ್ಕಿಬಿದ್ದರು. ಪ್ರಯಾಣ ವಿಮೆ ಮಾಡಿಸುವಾಗ ಜ್ವಾಲಾಮುಖಿ ಬೂದಿಯಿಂದಾಗುವ ವಿಳಂಬ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ.

ಆಮೆಡ್‌ನಿಂದ ಎದುರಿಗೆ ಲೊಂಬೋಕ್ ದ್ವೀಪ ಕಾಣುತ್ತದೆ. ನಡುವಿನ ಜಲಸಂಧಿ ಬಹಳ ಆಳ. ಹಿಮಯುಗದಲ್ಲಿ ಕಡಲಮಟ್ಟ ನೂರು ಮೀಟರಿಗೂ ಹೆಚ್ಚು ಇಳಿದಾಗ ಬಾಲಿ ಜಾವದೊಂದಿಗೂ ಏಷ್ಯಾದೊಂದಿಗೂ ನೆಲದಿಂದಲೇ ಸೇರಿತ್ತು, ಲೊಂಬೋಕ್ ಸೇರಲಿಲ್ಲ. ಹಾಗಾಗಿ ಹುಲಿ ಬಾಲಿಯ ತನಕ ಬಂತು, ಆಚೆ ಹೋಗಲಿಲ್ಲ. 1856ರಲ್ಲಿ ಈ ಎರಡೂ ದ್ವೀಪಗಳಿಗೆ ಬಂದ ಬ್ರಿಟಿಷ್ ಪ್ರಕೃತಿವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್ ಪಕ್ಷಿಗಳ ವ್ಯತ್ಯಾಸವನ್ನು ನೋಡಿಯೇ ಇಲ್ಲೊಂದು ಗಡಿಯಿದೆಯೆಂದು ಗುರುತಿಸಿದ್ದು.

ಮರಳು ಮತ್ತು ಕೊನೆಯ ಅರ್ಧ ದಿನ

ಈಗ ಅಯಸ್ಕಾಂತದ ಸರದಿ. ಪೂರ್ವದ ಅಥವಾ ಉತ್ತರದ ಯಾವುದೇ ಕಪ್ಪು ತೀರದಲ್ಲಿ ಒಣಮರಳಿನ ಮೇಲೆ ಅದನ್ನು ಚೀಲದ ಸಮೇತ ಆಡಿಸಿ. ಕಪ್ಪು ಕಣಗಳು ಮೀಸೆಯಂತೆ ನಿಮಿರಿ ಅಂಟಿಕೊಳ್ಳುತ್ತವೆ. ಅದು ಲಾವಾದೊಳಗಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ. ಚೀಲವಿಲ್ಲದೆ ಮಾಡಿದರೆ ಅವನ್ನು ಬಿಡಿಸುವುದೇ ಒಂದು ಕೆಲಸವಾದೀತು. ಮಧ್ಯಾಹ್ನ ಕಪ್ಪು ಮರಳು ಕಾದ ಕಾವಲಿ, ಬರಿಗಾಲಲ್ಲಿ ಇಳಿಯಬೇಡಿ. ಕುಸಾಂಬಾದಲ್ಲಿ ಈ ಬಿಸಿಯನ್ನೇ ಬಳಸಿ, ಕಪ್ಪು ಮರಳಿನ ಮೇಲೆ ಕಡಲ ನೀರು ಚಿಮುಕಿಸಿ ಒಣಗಿಸಿ ಉಪ್ಪು ತೆಗೆಯುವವರು ಇನ್ನೂ ಇದ್ದಾರೆ.

ಕೊನೆಯ ದಿನದ ವಿಮಾನ ರಾತ್ರಿಯದಾಗಿದ್ದರೆ ದ್ವೀಪದ ದಕ್ಷಿಣ ತುದಿಯ ಬುಕಿತ್ ಪರ್ಯಾಯದ್ವೀಪಕ್ಕೆ ಅರ್ಧ ದಿನ ಇಡಬಹುದು. ವಿಮಾನ ನಿಲ್ದಾಣವಿರುವುದೇ ಬುಕಿತ್ ಮತ್ತು ದ್ವೀಪದ ಉಳಿದ ಭಾಗವನ್ನು ಸೇರಿಸುವ ಕಿರಿದಾದ ಕತ್ತಿನ ಮೇಲೆ. ಅಲ್ಲಿಂದ ದಕ್ಷಿಣಕ್ಕೆ ಜ್ವಾಲಾಮುಖಿಯ ನೆಲ ಮುಗಿದು, ಕಡಲತಳದಲ್ಲಿ ರಚನೆಯಾಗಿ ಮೇಲೆದ್ದ ಸುಣ್ಣಕಲ್ಲು ಆರಂಭವಾಗುತ್ತದೆ. ಉಲುವಾತು ದೇವಾಲಯದ ಬಳಿ ಬಿಳಿಯ ಕಡಿಬಂಡೆ ಕಡಲಿಗೆ ನೇರವಾಗಿ ಇಳಿಯುತ್ತದೆ. ಮಸೂರ ಹಿಡಿದರೆ ಹವಳ, ಚಿಪ್ಪಿನ ಚೂರುಗಳು ಕಾಣುತ್ತವೆ, ಅಯಸ್ಕಾಂತಕ್ಕೆ ಏನೂ ಅಂಟುವುದಿಲ್ಲ. ಮಳೆನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ಇಲ್ಲಿ ಹೊಳೆಯಿಲ್ಲ, ಗದ್ದೆಯಿಲ್ಲ, ಒಣ ಕುರುಚಲೇ ಹೆಚ್ಚು. ಕನ್ನಡಕ, ಟೋಪಿ, ಮೊಬೈಲನ್ನು ಅಲ್ಲಿನ ಕೋತಿಗಳಿಂದ ಕಾಪಾಡಿಕೊಳ್ಳುವುದು ನಮ್ಮ ನಂದಿಬೆಟ್ಟದಲ್ಲಿ ಪಳಗಿದವರಿಗೆ ಕಷ್ಟವಾಗಲಾರದು. ಸೂರ್ಯಾಸ್ತದ ಬಳಿಕ ಬುಕಿತ್‌ನಿಂದ ಇಳಿಯುವ ರಸ್ತೆ ವಾಹನಗಳಿಂದ ಕಿಕ್ಕಿರಿಯುತ್ತದೆ, ಆದ್ದರಿಂದ ವಿಮಾನದ ಹೊತ್ತಿಗೆ ನಾಲ್ಕು ಗಂಟೆ ಮೊದಲೇ ಅಲ್ಲಿಂದ ಹೊರಟುಬಿಡಿ.